ಮುಂಬಯಿ ಸೀರಿಯಲ್‌ಗಳಲ್ಲಿ ಜೂನಿಯರ್ ಆರ್ಟಿಸ್ಟ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಲ್ಲಿ ಕನ್ನಡ ನಾಟಕ ಮುಗಿದ ಮೇಲೆ, ಡೊಂಬಿವಲಿಯ ಮದುವೆ ಊಟದ ಸಾಲಿನಲ್ಲಿ, ಊರಿಂದ ಬರುವ ಫೋನ್‌ಗಳಲ್ಲಿ, ಪತ್ರಗಳಲ್ಲಿ, ನಾನು ಸೀರಿಯಲ್ ಸೆಟ್‌ಗಳಿಗೆ ಹೋಗುತ್ತೇನೆ ಅಂತ ಗೊತ್ತಾದವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇದು ಮುಂಬಯಿಯಲ್ಲಿ ತಯಾರಾಗುವ ಹಿಂದಿ, ಮರಾಠಿ ಸೀರಿಯಲ್‌ಗಳ ವಿಷಯ. ಕನ್ನಡ ಸೀರಿಯಲ್‌ಗಳ ಕೆಲಸ ಬಹುತೇಕ ಬೆಂಗಳೂರಿನಲ್ಲೇ ನಡೆಯುತ್ತದೆ, ಅದಕ್ಕೆ ಇಲ್ಲಿ ಕೈಹಾಕಿಲ್ಲ.

## ಶುರುವಿನಲ್ಲಿ

ಅಕ್ಕಾ, ಜೂನಿಯರ್ ಆರ್ಟಿಸ್ಟ್ ಅಂದ್ರೆ ಏನ್ ಮಾಡ್ಬೇಕು? ಸುಮ್ನೆ ನಿಂತ್ಕೊಳ್ಳೋದಾ?

ಒಂದು ಆಸ್ಪತ್ರೆ ಸೀನ್ ನೋಡಿ. ನಾಯಕಿ ಐಸಿಯು ಬಾಗಿಲಲ್ಲಿ ಅಳುತ್ತಿದ್ದಾಳೆ. ಅವಳ ಹಿಂದೆ ವಾರ್ಡ್‌ಬಾಯ್ ಒಬ್ಬ ವೀಲ್‌ಚೇರ್ ತಳ್ಳಿಕೊಂಡು ಹೋಗುತ್ತಾನೆ. ಇಬ್ಬರು ನರ್ಸ್‌ಗಳು ಫೈಲ್ ಹಿಡಿದು ಮಾತಾಡುತ್ತಾ ಬರುತ್ತಾರೆ. ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದಾನೆ. ಇವರೆಲ್ಲ ನಾವು. ಹಿಂದೆ ಹಾದುಹೋಗುವುದಕ್ಕೆ ಸೆಟ್‌ನಲ್ಲಿ ಪಾಸಿಂಗ್ ಅನ್ನುತ್ತಾರೆ, ನಮ್ಮ ಕೆಲಸದಲ್ಲಿ ಅರ್ಧ ಅದೇ.

ಕೇಳುವಾಗ ಸುಲಭ. ಆದರೆ ನಾಯಕಿ ಯಾವ ಮಾತು ಆಡಿದಾಗ ನೀವು ಹೊರಡಬೇಕು, ಎಲ್ಲಿಗೆ ಬಂದು ತಿರುಗಬೇಕು ಅಂತ ಎಡಿ, ಅಂದರೆ ಅಸಿಸ್ಟೆಂಟ್ ಡೈರೆಕ್ಟರ್, ಮೊದಲೇ ಹೇಳಿರುತ್ತಾರೆ. ಎರಡು ಹೆಜ್ಜೆ ಬೇಗ ಬಂದರೆ ನಾಯಕಿಯ ಮುಖಕ್ಕೆ ಅಡ್ಡ. ತಡವಾದರೆ ಫ್ರೇಮ್ ಖಾಲಿ. ಕ್ಯಾಮೆರಾ ನೋಡುವಂತಿಲ್ಲ, ಅಳುತ್ತಿರುವ ನಾಯಕಿಯನ್ನಂತೂ ನೋಡಲೇಬಾರದು. ನರ್ಸ್‌ಗಳ ಮಾತುಕತೆಯಲ್ಲಿ ತುಟಿ ಮಾತ್ರ ಆಡುತ್ತದೆ, ದನಿ ಇರುವುದಿಲ್ಲ. ಜನ ಕಮ್ಮಿ ಬಿದ್ದರೆ ಒಬ್ಬರೇ ಎರಡು ಸಲ ಹೋಗುತ್ತಾರೆ. ಮೊದಲು ರೋಗಿಯ ಹೆಂಡತಿ, ಆಮೇಲೆ ಒಂದು ಶಾಲು ಹೊದ್ದು ಬೇರೆ ಯಾರದೋ ಅತ್ತೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯವರೂ ಅದನ್ನು ಕಂಡುಹಿಡಿದಿಲ್ಲ.

ನಟನೆ ಬರಲ್ಲ, ಹಿಂದಿನೂ ಅಷ್ಟಕ್ಕಷ್ಟೆ. ನಡೆಯುತ್ತಾ?

ನಡೆಯುತ್ತದೆ. ಹೇಳಿದ್ದು ಅರ್ಥವಾದರೆ ಸಾಕು. ರೋಲಿಂಗ್, ಆಕ್ಷನ್, ಕಟ್, ಒನ್ ಮೋರ್, ಫಸ್ಟ್ ಪೊಸಿಷನ್. ಕೊನೆಯದು ಕೇಳಿದರೆ ಹೊರಟ ಜಾಗಕ್ಕೇ ವಾಪಸ್ ಹೋಗಬೇಕು. ಇಷ್ಟು ಮಾತು ಒಂದೇ ದಿನದಲ್ಲಿ ಕಿವಿಗೆ ಹತ್ತುತ್ತವೆ. ಸೆಟ್‌ನಲ್ಲಿ ಸ್ಪಾಟ್‌ಬಾಯ್‌ನಿಂದ ಹಿಡಿದು ಬಟ್ಟೆ ನೋಡಿಕೊಳ್ಳುವವರವರೆಗೆ ಎಲ್ಲರೂ 'ದಾದಾ'. ಹಾಗೆ ಕರೆದರೆ ಯಾರಿಗೂ ಬೇಜಾರಿಲ್ಲ.

ನಿಜ ಹೇಳಬೇಕು ಅಂದರೆ ಕಷ್ಟ ಆಗುವುದು ನಟನೆ ಬರುವವರಿಗೆ. ರಂಗದ ಮೇಲೆ ಪಳಗಿದವರು, ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದವರು ಹಿಂದೆ ನಿಂತು ಸುಮ್ಮನಿರುವುದು ಸುಲಭವಲ್ಲ. ಮುಂದೆ ಯಾರೋ ಕಪಾಳಕ್ಕೆ ಹೊಡೆದರೆ ಇವರು ಎದೆ ಹಿಡಿದುಕೊಂಡು ಹಿಂದಕ್ಕೆ ವಾಲುತ್ತಾರೆ. ಎಡಿ ಓಡಿ ಬಂದು 'ಕಮ್ ಕರೋ, ಕಮ್ ಕರೋ', ಅಂದರೆ ಕಮ್ಮಿ ಮಾಡಿ, ಅನ್ನುತ್ತಾರೆ.

ನಂಗೆ 62 ವರ್ಷ, ಬ್ಯಾಂಕ್‌ನಿಂದ ರಿಟೈರ್ ಆಗಿದೀನಿ. ಈ ವಯಸ್ಸಲ್ಲಿ ಯಾರು ಕರೀತಾರೆ ಹೇಳಿ?

ನಿಮ್ಮನ್ನೇ ಮೊದಲು ಕರೆಯುತ್ತಾರೆ ಸಾರ್. ಸೀರಿಯಲ್ ಅಂದರೆ ಮದುವೆ, ನಿಶ್ಚಿತಾರ್ಥ, ಕೋರ್ಟು, ಸತ್ಯನಾರಾಯಣ ಪೂಜೆ. ಎಲ್ಲದಕ್ಕೂ ಬಿಳಿ ಕೂದಲಿನ ಹಿರಿಯರು ಬೇಕು. ಇಸ್ತ್ರಿ ಮಾಡಿದ ಸೂಟು, ಕುರ್ತಾ-ಜಾಕೆಟ್ ಎರಡೂ ನಿಮ್ಮ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಕೂದಲಿಗೆ ಬಣ್ಣ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ನಿಂತೇ ಇರಬೇಕಾದ ಸೀನ್‌ಗಳು ಜಾಸ್ತಿ, ಮಂಡಿ ನೋವಿದ್ದರೆ ಒಪ್ಪುವ ಮೊದಲೇ ಕೋಆರ್ಡಿನೇಟರ್‌ಗೆ, ಅಂದರೆ ಸೆಟ್‌ಗೆ ಜನ ಒದಗಿಸುವವರಿಗೆ, ಹೇಳಿ. ಕೂರುವ ಜಾಗದಲ್ಲಿ ಹಾಕುತ್ತಾರೆ. ಶುಗರ್, ಬಿಪಿ ಮಾತ್ರೆ ಜೊತೆಗಿರಲಿ. ಊಟದ ಹೊತ್ತು ಶಾಟ್ ಮುಗಿಯುವುದರ ಮೇಲೆ ನಿಂತಿದೆ.

ಶೂಟಿಂಗ್ ಎಲ್ಲೆಲ್ಲಿ ನಡೆಯುತ್ತೆ? ನಾವು ಡೊಂಬಿವಲಿ ಕಡೆಯವರು.

ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿ ಎಲ್ಲರಿಗೂ ಗೊತ್ತು. 1977ರಲ್ಲಿ ಶುರುವಾದದ್ದು, ದಾದಾಸಾಹೇಬ್ ಫಾಲ್ಕೆ ಚಿತ್ರನಗರಿ ಅಂತ ಹೆಸರು. ಸ್ಟೇಷನ್‌ನಿಂದ ಬಸ್, ರಿಕ್ಷಾ ಇದೆ. ಗೇಟ್ ದಾಟಿದ ಮೇಲೂ ಒಳಗೆ ಏರುದಾರಿಯಲ್ಲಿ ಸಾಕಷ್ಟು ದೂರ ಹೋಗಬೇಕು. ಪಕ್ಕದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಚಿರತೆ ಸೆಟ್‌ಗೇ ನುಗ್ಗಿದ ಸುದ್ದಿ ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ, ಹಾಗಾಗಿ ಕತ್ತಲಾದ ಮೇಲೆ ಒಬ್ಬರೇ ನಡೆದು ಬರಬೇಡಿ.

ಉಳಿದ ಸೆಟ್‌ಗಳು ಊರಾಚೆ. ನಾಯ್‌ಗಾಂವ್, ಮೀರಾ ರೋಡ್, ಠಾಣೆಯ ಘೋಡ್‌ಬಂದರ್ ರಸ್ತೆ. ಮಡ್ ದ್ವೀಪದ ಬಂಗಲೆಗಳಿಗೆ ವರ್ಸೋವಾ ಜೆಟ್ಟಿಯಿಂದ ದೋಣಿಯಲ್ಲಿ ದಾಟಬಹುದು, ಇಲ್ಲದಿದ್ದರೆ ಮಲಾಡ್ ಸುತ್ತಿಕೊಂಡು ಬರಬೇಕು. ಪುರಾಣ ಸೀರಿಯಲ್‌ಗಳ ಕೆಲಸ ಕೆಲವು ಸಲ ಗುಜರಾತಿನ ಉಮರ್‌ಗಾಂವ್‌ನಲ್ಲಿರುತ್ತದೆ.

ಡೊಂಬಿವಲಿಯಿಂದ ಘೋಡ್‌ಬಂದರ್ ಪರವಾಗಿಲ್ಲ. ನಾಯ್‌ಗಾಂವ್ ಅಂದರೆ ದಾದರ್‌ಗೆ ಹೋಗಿ ಲೈನ್ ಬದಲಿಸಬೇಕು. ದಿವಾ–ವಸಯಿ ಲೈನಿನ ರೈಲು ಹತ್ತಿರದ ದಾರಿ, ಆದರೆ ಗಾಡಿಗಳು ಕಮ್ಮಿ, ಒಂದು ತಪ್ಪಿದರೆ ಕಾಲ್ ಟೈಮ್, ಅಂದರೆ ಸೆಟ್‌ನಲ್ಲಿರಬೇಕಾದ ಹೊತ್ತು, ತಪ್ಪಿದಂತೆಯೇ. ಉಮರ್‌ಗಾಂವ್ ನಿಮಗೆ ಬೇಡ, ಉಳಿಯುವ ವ್ಯವಸ್ಥೆ ಅವರೇ ಮಾಡುವುದಾದರೆ ಮಾತ್ರ.

## ಕೆಲಸ ಹಿಡಿಯುವುದು

ಯಾರನ್ನ ಕೇಳ್ಬೇಕು? ಫಿಲ್ಮ್ ಸಿಟಿ ಗೇಟ್‌ನಲ್ಲಿ ಹೋಗಿ ನಿಂತ್ರೆ ಕರ್ಕೋತಾರಾ?

ವಾಚ್‌ಮನ್ ಒಳಗೇ ಬಿಡುವುದಿಲ್ಲ. ಪ್ರೊಡಕ್ಷನ್‌ನವರಿಗೆ ಜನ ಒದಗಿಸುವುದು ಕೋಆರ್ಡಿನೇಟರ್‌ಗಳು. ಅವರ ವಾಟ್ಸಾಪ್ ಗುಂಪಿಗೆ ಸೇರಬೇಕು. ಸೇರಲು ಒಳ್ಳೆಯ ದಾರಿ, ಈಗಾಗಲೇ ಹೋಗುತ್ತಿರುವ ಒಬ್ಬರ ಪರಿಚಯ. ನಮ್ಮವರಲ್ಲೇ ಹುಡುಕಿ, ಪ್ರತಿ ಸಂಘದಲ್ಲೂ ಒಬ್ಬರಾದರೂ ಸಿಗುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಫೋಟೋ ಸ್ಟುಡಿಯೋದ್ದು ಬೇಡ. ಹಗಲು ಬೆಳಕಿನಲ್ಲಿ, ಖಾಲಿ ಗೋಡೆ ಮುಂದೆ, ಫಿಲ್ಟರ್ ಇಲ್ಲದೆ: ನೇರ ಮುಖ, ಎರಡು ಪಕ್ಕ, ಪೂರ್ತಿ ಆಳು. ಜೊತೆಗೆ ವಯಸ್ಸು, ಎತ್ತರ, ಇರುವ ಏರಿಯಾ, ಬೈಕ್ ಅಥವಾ ಕಾರು ಓಡಿಸಲು ಬರುತ್ತದಾ ಅನ್ನುವುದು.

ಆಮೇಲೆ ಮೆಸೇಜ್‌ಗಳು ಬರುತ್ತವೆ. ಹೀಗಿರುತ್ತವೆ: 'ನಾಳೆ, ನಾಯ್‌ಗಾಂವ್, ಕಾಲ್ 8, ವೆಡ್ಡಿಂಗ್, ಲೇಡೀಸ್ 25–40, ಡೀಸೆಂಟ್ ಲುಕ್, 2 ಹೆವಿ ಸಾರಿ, 3 ಡೇಸ್ ಕಂಟಿನ್ಯೂಟಿ, ಪೇಮೆಂಟ್ 45 ಡೇಸ್.' ಕಾಲ್ 8 ಅಂದರೆ ಬೆಳಿಗ್ಗೆ ಎಂಟಕ್ಕೆ ಸೆಟ್‌ನಲ್ಲಿರಬೇಕು, ಮನೆ ಬಿಡುವ ಹೊತ್ತಲ್ಲ. ಡೀಸೆಂಟ್ ಲುಕ್ ಅಂದರೆ ಉಳ್ಳವರ ಮನೆ ಮದುವೆಗೆ ಬಂದವರಂತೆ ಕಾಣಬೇಕು. ಕಂಟಿನ್ಯೂಟಿ ಅಂದರೆ ಮೂರು ದಿನವೂ ಅದೇ ಮುಖ, ಅದೇ ಸೀರೆ. ಕೊನೆಯದರಲ್ಲಿ ದುಡ್ಡು ಯಾವಾಗ ಅಂತಿದೆ, ಎಷ್ಟು ಅಂತಿಲ್ಲ. ಅದನ್ನು ನೀವೇ ಕೇಳಬೇಕು.

ರಿಜಿಸ್ಟ್ರೇಷನ್‌ಗೆ 5,000 ಕೇಳ್ತಿದಾರೆ. ಕೊಡ್ಲಾ?

ಬೇಡ. ಆರ್ಟಿಸ್ಟ್ ಕಾರ್ಡ್, ಪೋರ್ಟ್‌ಫೋಲಿಯೋ, ಚಾನೆಲ್ ವೆರಿಫಿಕೇಷನ್, ಕಾಸ್ಟ್ಯೂಮ್ ಡೆಪಾಸಿಟ್ ಅಂತ ಹೆಸರು ಬದಲಾಗುತ್ತದೆ, ಕೆಲಸ ಒಂದೇ. ಕೋಆರ್ಡಿನೇಟರ್‌ಗೆ ದುಡ್ಡು ಬರಬೇಕಾದದ್ದು ನೀವು ಕೆಲಸ ಮಾಡಿದ ಮೇಲೆ ಕಮಿಷನ್ ರೂಪದಲ್ಲಿ. ಮೊದಲೇ ಕೇಳುವವನ ಹತ್ತಿರ ಕೆಲಸವೇ ಇರುವುದಿಲ್ಲ. ಲೀಡ್ ರೋಲ್‌ಗೆ ಸೆಲೆಕ್ಟ್ ಆಗಿದ್ದೀರಿ ಅಂತ ಊರಲ್ಲಿರುವ ಹುಡುಗರಿಗೆ ಫೋನ್ ಬರುವುದೂ ಇದೇ ಜಾತಿ. ಆನ್‌ಲೈನ್‌ನಲ್ಲಿ ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಯೂನಿಯನ್ ಕಾರ್ಡ್ ಇಲ್ದಿದ್ರೆ ಸೆಟ್‌ನಿಂದ ಹೊರಗೆ ಹಾಕ್ತಾರಂತೆ, ಹೌದಾ?

ಹಿಂದೆ ಹಾಗೇ ಇತ್ತು. ಇಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ, ಫೆಡರೇಷನ್ ಆಫ್ ವೆಸ್ಟರ್ನ್ ಇಂಡಿಯಾ ಸಿನಿ ಎಂಪ್ಲಾಯೀಸ್, 1956ರಷ್ಟು ಹಳೆಯದು. ಗಂಡಸರಿಗೆ ಜೂನಿಯರ್ ಆರ್ಟಿಸ್ಟ್ಸ್ ಅಸೋಸಿಯೇಷನ್, ಹೆಂಗಸರಿಗೆ ಮಹಿಳಾ ಕಲಾಕಾರ್ ಸಂಘ. ಸದಸ್ಯರಲ್ಲದವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದು ಅನ್ನುವ ಕಟ್ಟುಪಾಡಿನ ವಿರುದ್ಧ ಒಬ್ಬ ನಿರ್ಮಾಪಕರು ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇದೆಯಾ ಅಂತ ನೋಡಿಕೊಳ್ಳುವ ಸ್ಪರ್ಧಾ ಆಯೋಗಕ್ಕೆ ಹೋದರು. ಇಂಥದ್ದನ್ನು ನಿಲ್ಲಿಸಿ ಅಂತ 2017ರಲ್ಲಿ ಆಯೋಗ ಹೇಳಿತು. ಸೀರಿಯಲ್ ಸೆಟ್‌ಗಳಲ್ಲಿ ಕಾರ್ಡ್ ಇಲ್ಲದವರು ಈಗ ಬೇಕಾದಷ್ಟು ಜನ ಇದ್ದಾರೆ.

ಹಾಗಂತ ಯೂನಿಯನ್ ಬೇಡ ಅಂತ ನಾನು ಹೇಳುವುದಿಲ್ಲ. ದರ, ಓವರ್‌ಟೈಮ್, ಬಾಕಿ ಅಂತ ಜಗಳ ಬಂದಾಗ ಹಿಂದೆ ನಿಲ್ಲಲು ಒಬ್ಬರು ಬೇಕಲ್ವಾ. ತಿಂಗಳಿಗೆ ಒಂದೆರಡು ದಿನ ಹೋಗುವವರಿಗೆ ಅವಸರವಿಲ್ಲ. ಇದನ್ನೇ ನಂಬಿ ಬದುಕುವವರು ವಿಚಾರಿಸಲೇಬೇಕು.

## ಸೆಟ್‌ನಲ್ಲಿ

ಬ್ಯಾಗ್‌ನಲ್ಲಿ ಏನೇನ್ ಇಟ್ಕೊಳ್ಳಲಿ?

ಹೇಳಿದ್ದಕ್ಕಿಂತ ಒಂದು ಜೊತೆ ಬಟ್ಟೆ ಜಾಸ್ತಿ. ಅಚ್ಚ ಬಿಳಿ ಬೇಡ, ಲೈಟಿಗೆ ಹೊಳೆಯುತ್ತದೆ. ಸಣ್ಣ ಗೀಟಿನ ಅಂಗಿ ಕ್ಯಾಮೆರಾದಲ್ಲಿ ಕಂಪಿಸಿದ ಹಾಗೆ ಕಾಣುತ್ತದೆ. ಹಿಂದೆ ಹಸಿರು ಪರದೆ ಹಾಕುವ ಸೀನ್‌ಗೆ ಹಸಿರು ಸೀರೆ ಉಟ್ಟರೆ ಸೀರೆಯೂ ಪರದೆಯ ಜೊತೆ ಮಾಯ. ದೊಡ್ಡ ಕಂಪನಿ ಗುರುತಿರುವ ಟೀಶರ್ಟ್ ಬೇಡ. ನಾಯಕಿ ಉಟ್ಟ ಬಣ್ಣವೇ ನಿಮ್ಮದೂ ಆಗಿದ್ದರೆ ಬದಲಿಸಲು ಹೇಳುತ್ತಾರೆ, ಅದಕ್ಕೇ ಆ ಜಾಸ್ತಿ ಜೊತೆ.

ಚಪ್ಪಲಿ ಬಗ್ಗೆ ಯಾರೂ ಹೇಳುವುದಿಲ್ಲ. ಟಕ್ ಟಕ್ ಅನ್ನುವ ಹೀಲ್ಸ್ ಹಾಕಿಕೊಂಡು ಹಿಂದೆ ನಡೆದರೆ ಸೌಂಡ್‌ನವರು ಶಾಟ್ ನಿಲ್ಲಿಸುತ್ತಾರೆ. ರಬ್ಬರ್ ತಳದ್ದು ತನ್ನಿ. ಗಾಜಿನ ಬಳೆ, ಗೆಜ್ಜೆಯ ಕಥೆಯೂ ಅಷ್ಟೆ. ಪಿನ್ನುಗಳು, ಬಾಚಣಿಗೆ, ಎರಡು ಮೂರು ಥರದ ಬಿಂದಿ, ನೀರು, ಚಾರ್ಜರ್, ಹೊದೆಯಲು ಏನಾದರೂ. ಸೆಟ್‌ನ ಎಸಿ ಕ್ಯಾಮೆರಾ, ಲೈಟುಗಳ ಸುಖಕ್ಕೆ ಇರುವುದು, ನಮಗಲ್ಲ. ಚಿನ್ನ ಮನೆಯಲ್ಲೇ ಇರಲಿ.

ಇಡೀ ದಿನ ಹೇಗಿರುತ್ತೆ?

ಕಾಯುವುದು. ಇದೇ ನಿಜವಾದ ಕೆಲಸ, ಸಂಬಳವೂ ಇದಕ್ಕೇ. ಶಿಫ್ಟ್ ಸಾಮಾನ್ಯವಾಗಿ 12 ಗಂಟೆ. ಎಂಟಕ್ಕೆ ಹೋದರೆ ಕೋಆರ್ಡಿನೇಟರ್‌ನ ಆಳು ಹೆಸರು ಬರೆದುಕೊಳ್ಳುತ್ತಾನೆ. ಬಟ್ಟೆ ನೋಡುತ್ತಾರೆ. ಮೇಕಪ್ ನೀವೇ ಮಾಡಿಕೊಂಡು ಬಂದಿರಬೇಕು. ಆಮೇಲೆ ಪ್ಲಾಸ್ಟಿಕ್ ಕುರ್ಚಿ. ಹನ್ನೊಂದರವರೆಗೆ ಯಾರೂ ಕರೆಯದಿರಬಹುದು. ಇದ್ದಕ್ಕಿದ್ದ ಹಾಗೆ 'ಕ್ರೌಡ್, ಕ್ರೌಡ್' ಅಂತ ಕೂಗು, ಎಲ್ಲರೂ ಓಡುತ್ತಾರೆ.

ಮದುವೆ ಸೀನ್ ಆದರೆ ತಮಾಷೆ ನೋಡಬೇಕು. ಒಂದೇ ಅಕ್ಷತೆ ಶಾಟ್ ಮೊದಲು ದೂರದಿಂದ, ಆಮೇಲೆ ಅತ್ತೆಯ ಮುಖದ ಮೇಲೆ, ಆಮೇಲೆ ಖಳನಾಯಕಿಯ ಮುಖದ ಮೇಲೆ, ಆಮೇಲೆ ಮದುವೆ ನಿಲ್ಲಿಸಲು ಬಾಗಿಲಲ್ಲಿ ನಿಂತವನ ಮೇಲೆ. ಪ್ರತಿ ಸಲವೂ ನಾವು ಅದೇ ಜಾಗದಲ್ಲಿ, ಅದೇ ಕೈಯಲ್ಲಿ ಅಕ್ಷತೆ ಹಿಡಿದಿರಬೇಕು. ಹಾಗಾಗಿ ಬಲಗೈಯಾ ಎಡಗೈಯಾ, ಸೆರಗು ಯಾವ ಕಡೆ, ಪಕ್ಕದಲ್ಲಿ ಯಾರು ಅಂತ ಮೊದಲ ಶಾಟ್‌ನಲ್ಲೇ ಮನಸ್ಸಲ್ಲಿ ಬರೆದಿಟ್ಟುಕೊಳ್ಳಿ. ಊಟದ ಸೀನ್ ಇದ್ದರೆ ತಟ್ಟೆಯಲ್ಲಿರುವುದನ್ನು ನಿಜವಾಗಿ ತಿನ್ನಬೇಡಿ. ಮುಂದಿನ ಶಾಟ್‌ಗೂ ಅದೇ ಜಿಲೇಬಿ ಬೇಕು. ಮಧ್ಯಾಹ್ನದ ಹೊತ್ತಿಗೆ ಅದನ್ನು ತಿನ್ನುವ ಆಸೆಯೂ ಉಳಿದಿರುವುದಿಲ್ಲ ಬಿಡಿ.

ಪ್ಯಾಕ್‌ಅಪ್, ಅಂದರೆ ಅವತ್ತಿನ ಶೂಟಿಂಗ್ ಮುಗಿಯುವುದು, ಯಾವಾಗ ಅನ್ನುವುದು ಎಪಿಸೋಡ್ ಬ್ಯಾಂಕ್ ಮೇಲೆ ನಿಂತಿದೆ. ಮುಂದಿನ ದಿನಗಳ ಎಪಿಸೋಡ್ ಮೊದಲೇ ರೆಡಿ ಇದ್ದರೆ ಹೊತ್ತಿಗೆ ಸರಿಯಾಗಿ ಬಿಡುತ್ತಾರೆ. ಬ್ಯಾಂಕ್ ಖಾಲಿ ಅಂದರೆ ರಾತ್ರಿಯೂ ಎಳೆಯುತ್ತದೆ.

ಊಟ, ಬಾತ್‌ರೂಮು?

ಚಹಾ, ತಿಂಡಿ, ಊಟ ಪ್ರೊಡಕ್ಷನ್‌ನದ್ದು. ಚಪಾತಿ, ದಾಲ್, ಅನ್ನ, ಒಂದು ಪಲ್ಯ. ನಟರ ಸಾಲು ಬೇರೆ, ನಮ್ಮ ಸಾಲು ಬೇರೆ. ಅದು ಬೇಜಾರಾಗುವವರು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಬಾತ್‌ರೂಮ್ ಸ್ಟುಡಿಯೋದಲ್ಲಿ ಪರವಾಗಿಲ್ಲ, ರಸ್ತೆ ಮೇಲಿನ ಶೂಟಿಂಗ್‌ನಲ್ಲಿ ಕಷ್ಟ. ಎಲ್ಲಿದೆ ಅಂತ ಹೋದ ಕೂಡಲೇ ಕೇಳಿಟ್ಟುಕೊಳ್ಳಿ.

ಮಗಳು ಹೋಗ್ತೀನಿ ಅಂತಾಳೆ. ಹೆಣ್ಮಕ್ಳಿಗೆ ಸೇಫಾ ಅಕ್ಕಾ?

ಸೆಟ್ ಜನ ತುಂಬಿದ ಜಾಗ. ಭಯ ಇರುವುದು ಸೆಟ್‌ನಲ್ಲಿ ಕಮ್ಮಿ, ಸೆಟ್‌ಗೆ ಮೊದಲು ಮತ್ತು ಆಮೇಲೆ ಜಾಸ್ತಿ. 'ಲುಕ್ ಟೆಸ್ಟ್' ಅಂತ ಫ್ಲಾಟ್‌ಗೋ ಹೋಟೆಲ್ ರೂಮಿಗೋ ಕರೆದರೆ ಹೋಗುವುದೇ ಬೇಡ. ಹಿಂದೆ ಓಡಾಡುವವರಿಗೆ ಖಾಸಗಿ ಆಡಿಷನ್ ಇರುವುದಿಲ್ಲ, ಫೋಟೋ ನೋಡಿ ಆರಿಸುತ್ತಾರೆ. ಮೊದಲ ಕೆಲವು ಸಲ ಗೊತ್ತಿರುವ ಹೆಂಗಸರ ಜೊತೆ ಹೋಗಲಿ. ರಾತ್ರಿ ಪ್ಯಾಕ್‌ಅಪ್ ಆದರೆ ಸ್ಟೇಷನ್‌ವರೆಗೆ ಗಾಡಿ ಇದೆಯಾ ಅಂತ ಹೊರಡುವ ಹಿಂದಿನ ದಿನವೇ ಕೇಳಲಿ. ಲೋಕಲ್ ರೈಲು ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಇರುವುದಿಲ್ಲ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾನೂನು ದಿನಗೂಲಿಯವರಿಗೂ ಅನ್ವಯಿಸುತ್ತದೆ. ಪ್ರೊಡಕ್ಷನ್ ಕಂಪನಿಯಲ್ಲಿ ಹತ್ತು ಜನ ಅಥವಾ ಜಾಸ್ತಿ ಇದ್ದರೆ ದೂರು ಸಮಿತಿ ಇರಲೇಬೇಕು. ತಕ್ಷಣದ ಅಪಾಯಕ್ಕೆ 112.

ನನ್ನ ಮಗನಿಗೆ ಆರು ವರ್ಷ, ತುಂಬ ಚೂಟಿ. ಕಳಿಸಬಹುದಾ?

ಕಾನೂನು ಒಪ್ಪುತ್ತದೆ, ಷರತ್ತುಗಳಿವೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ. ಜಿಲ್ಲಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಪಡೆದಿರಬೇಕು. ಸಂಪಾದನೆಯಲ್ಲಿ ಕನಿಷ್ಠ 20 ಶೇಕಡ ಮಗುವಿನ ಹೆಸರಲ್ಲಿ ಬ್ಯಾಂಕ್ ಠೇವಣಿಗೆ ಹೋಗಬೇಕು. ಇವನ್ನೆಲ್ಲ ಕೇಳಿದಾಗ ಕೋಆರ್ಡಿನೇಟರ್ ಮಾತು ಮರೆಸಿದರೆ ಮಗುವನ್ನು ಶಾಲೆಗೆ ಕಳಿಸಿ. ನನ್ನ ಕೇಳಿದರೆ, ಹೇಗಿದ್ದರೂ ಶಾಲೆಗೇ ಕಳಿಸಿ.

## ದುಡ್ಡಿನ ವಿಷಯ

ದಿನಕ್ಕೆ ಎಷ್ಟು ಸಿಗುತ್ತೆ?

ಹೇಳುವ ದರ ಒಂದು, ಕೈಗೆ ಬರುವುದು ಒಂದು. ಲೆಕ್ಕಕ್ಕೆ ಅಂತ 1,000 ರೂಪಾಯಿ ಹಿಡಿಯಿರಿ. ಕಮಿಷನ್ 200 ಹೋಯಿತು. ಬೆಳಿಗ್ಗೆ ಶೇರ್ ರಿಕ್ಷಾ, ರಾತ್ರಿ ಪೂರ್ತಿ ರಿಕ್ಷಾ, 150. ಉಳಿದದ್ದು 650, ಅದೂ ಒಂದೂವರೆ ತಿಂಗಳು ಬಿಟ್ಟು. ಸೀರೆ ಡ್ರೈಕ್ಲೀನಿಂಗ್ ಇನ್ನೂ ಸೇರಿಸಿಲ್ಲ.

ಹಾಗಾಗಿ ಒಪ್ಪುವ ಮೊದಲು ಮೆಸೇಜ್‌ನಲ್ಲೇ ಕೇಳಿ: ಕಮಿಷನ್ ಕಳೆದು ಎಷ್ಟು, ಎಷ್ಟು ಗಂಟೆಗೆ, ಓವರ್‌ಟೈಮ್ ಹೇಗೆ, ಕನ್ವೆಯನ್ಸ್, ಅಂದರೆ ಓಡಾಟದ ಖರ್ಚು, ಇದೆಯಾ, ಯಾವಾಗ ಕೊಡುತ್ತೀರಿ. ಫೋನಲ್ಲಿ ಹೇಳಿದರೆ 'ನೀವು ಹೇಳಿದ ಹಾಗೆ ಇಷ್ಟು' ಅಂತ ನೀವೇ ಒಂದು ಸಾಲು ಬರೆದು ಕಳಿಸಿ. ಲುಕ್ ಮೇಲೆ ದರ ಬದಲಾಗುತ್ತದೆ. ಬೀದಿಯ ಗುಂಪಿಗೆ ಕಮ್ಮಿ, ಪಾರ್ಟಿ ಸೀನ್‌ನ ಮಾಡೆಲ್‌ಗಳಿಗೆ ಜಾಸ್ತಿ. ಸ್ವಂತ ಬೈಕ್ ತಂದರೆ, ಮಳೆ ಸೀನ್‌ನಲ್ಲಿ ನೆನೆದರೆ ಬೇರೆ ಕೇಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ರಿಯಾಲಿಟಿ ಶೋಗಳಲ್ಲಿ ಚಪ್ಪಾಳೆ ತಟ್ಟುವ ಪ್ರೇಕ್ಷಕರಾಗಿ ಕೂರುವುದಕ್ಕೂ ಇಂಥದ್ದೇ ಜನ ಬೇಕಾಗುತ್ತಾರೆ. ಅಲ್ಲಿ ದರ ಇನ್ನೂ ಕಮ್ಮಿ, ಆದರೆ ಕೂತೇ ಇರಬಹುದು.

ಎರಡು ತಿಂಗಳಾಯ್ತು, ಕೋಆರ್ಡಿನೇಟರ್ ಫೋನೇ ಎತ್ತಲ್ಲ. ಏನ್ ಮಾಡ್ಲಿ?

ಟಿವಿಯಲ್ಲಿ ಮುಖ್ಯ ನಟರಿಗೂ 90 ದಿನ ಬಿಟ್ಟು ದುಡ್ಡು ಕೊಡುವ ರೂಢಿಯಿದೆ. ಚಾನೆಲ್‌ನಿಂದ ಪ್ರೊಡಕ್ಷನ್‌ಗೆ, ಅಲ್ಲಿಂದ ಕೋಆರ್ಡಿನೇಟರ್‌ಗೆ, ಅಲ್ಲಿಂದ ನಮಗೆ. ನಿಮಗೆ 45 ದಿನ ಅಂತ ಮಾತಾಗಿದ್ದರೆ 46ನೇ ದಿನದಿಂದ ಕೇಳುವ ಹಕ್ಕು ಇದೆ.

ಕೈಯಲ್ಲಿ ಪುರಾವೆ ಇರಬೇಕು. ಪ್ರತಿ ಸಲ ಹೋದಾಗ ಸೀರಿಯಲ್ ಹೆಸರು, ಪ್ರೊಡಕ್ಷನ್ ಕಂಪನಿ, ತಾರೀಖು, ಒಳಗೆ ಹೋದ ಹೊತ್ತು, ಹೊರಬಂದ ಹೊತ್ತು ಬರೆದಿಡಿ. ವೋಚರ್‌ಗೆ ಸಹಿ ಹಾಕಿಸಿಕೊಂಡರೆ ಮೊತ್ತ ಓದಿ, ಫೋಟೋ ತೆಗೆದುಕೊಳ್ಳಿ. ಖಾಲಿ ವೋಚರ್‌ಗೆ ಸಹಿ ಹಾಕಲೇಬೇಡಿ. ಕೋಆರ್ಡಿನೇಟರ್ ಮಾತಿಗೆ ಸಿಗದಿದ್ದರೆ ಪ್ರೊಡಕ್ಷನ್ ಆಫೀಸಿಗೆ ಬರಹದಲ್ಲಿ ಕೇಳಿ. ಒಬ್ಬರೇ ಕೇಳಬೇಡಿ, ಅವತ್ತು ಜೊತೆಗಿದ್ದವರನ್ನೆಲ್ಲ ಸೇರಿಸಿ. ಹತ್ತು ಹೆಸರಿರುವ ಪತ್ರಕ್ಕೆ ಬೇಗ ಉತ್ತರ ಬರುತ್ತದೆ. ಆಮೇಲೆ ಯೂನಿಯನ್, ಅದೂ ಆಗದಿದ್ದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ್ ಭವನದಲ್ಲಿ ಕಾರ್ಮಿಕ ಆಯುಕ್ತರ ಕಚೇರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಸೀರಿಯಲ್, ವೆಬ್ ಸರಣಿಗಳ ಕೆಲಸಗಾರರನ್ನೂ ಒಳಗೊಂಡಿವೆ, ಬರಹದ ಒಪ್ಪಂದ ಬೇಕು ಅನ್ನುತ್ತವೆ.

ಟಿಡಿಎಸ್ ಅಂತ ಕಡಿದುಕೊಂಡ್ರು. ಆ ದುಡ್ಡು ಹೋಯ್ತಾ?

ಟಿಡಿಎಸ್ ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಹೋಗಿಲ್ಲ, ಕಟ್ಟಿದ್ದರೆ. ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡಿ. ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಪ್ಯಾನ್ ಕೇಳದೆಯೇ ಟಿಡಿಎಸ್ ಕಡಿದರು ಅಂದರೆ ಅದು ಟಿಡಿಎಸ್ ಅಲ್ಲ, ಜೇಬು.

## ಸ್ವಲ್ಪ ದಿನ ಆದ ಮೇಲೆ

ಇದರಿಂದ ಮುಂದೆ ಆಕ್ಟರ್ ಆಗಬಹುದಾ?

ಆದವರಿದ್ದಾರೆ. ಆದರೆ ಇದು ಅದಕ್ಕೆ ಏಣಿ ಅಂತ ನಾನು ನಂಬುವುದಿಲ್ಲ. ಪಾತ್ರಗಳಿಗೆ ಆಳು ಹುಡುಕುವವರು ಕಾಸ್ಟಿಂಗ್‌ನವರು, ಕ್ರೌಡ್ ತರುವವರು ಬೇರೆ. ಈ ಇಬ್ಬರ ಬಾಗಿಲೂ ಬೇರೆ ಬೇರೆ. ಕಾಸ್ಟಿಂಗ್‌ನ ಆಡಿಷನ್‌ಗಳು ಅಂಧೇರಿ ಪಶ್ಚಿಮದ ಆರಾಮ್ ನಗರ, ಓಶಿವಾರಾ ಕಡೆ ನಡೆಯುತ್ತವೆ. ನಟನಾಗಲೇಬೇಕು ಅನ್ನುವ ಹುಡುಗ ಅಲ್ಲಿ ಓಡಾಡಬೇಕು, ಹಿಂದಿ ತಿದ್ದಿಕೊಳ್ಳಬೇಕು, ಸಂಜೆ ನಾಟಕ ಮಾಡಬೇಕು. ಒಂದೇ ಸೀರಿಯಲ್‌ನಲ್ಲಿ ನಿಮ್ಮ ಮುಖ ಹಿಂದೆ ಪದೇ ಪದೇ ಕಂಡಿದ್ದರೆ ಅಲ್ಲೇ ಪಾತ್ರ ಕೊಡಲು ಹಿಂಜರಿಯುತ್ತಾರೆ ಕೂಡ.

ಇದರಲ್ಲಿ ಕಲಿಯಲು ಏನೂ ಇಲ್ಲ ಅಂತಲ್ಲ. ಲೈಟ್ ಎಲ್ಲಿ ಬೀಳುತ್ತದೆ, ಕ್ಲೋಸಪ್‌ನಲ್ಲಿ ಒಳ್ಳೆಯ ನಟಿ ಎಷ್ಟು ಕಮ್ಮಿ ಮಾಡುತ್ತಾಳೆ ಅನ್ನುವುದನ್ನು ದುಡ್ಡು ಪಡೆದು ನೋಡುವ ಜಾಗ ಇದೊಂದೇ. ಹೋಟೆಲ್ ಕೆಲಸ, ರಾತ್ರಿ ಶಾಲೆ, ಮನೆಗೆಲಸದ ನಡುವೆ ಮೇಲ್ಸಂಪಾದನೆ ಅಂತ ಬನ್ನಿ. ಇದ್ದ ಕೆಲಸ ಬಿಟ್ಟು ಬರಬೇಡಿ.

ಸೆಟ್‌ನಲ್ಲೇ ಒಂದು ಡೈಲಾಗ್ ಕೊಟ್ರು. ಜಾಸ್ತಿ ದುಡ್ಡು ಕೇಳಬಹುದಾ?

ಕೇಳಬೇಕು, ಶಾಟ್‌ಗೆ ಮೊದಲೇ. 'ಮೇಡಂ, ಡಾಕ್ಟರ್ ಬಂದರು' ಅನ್ನುವ ಒಂದು ಸಾಲಾದರೂ ಅದು ಮಾತಿರುವ ಪಾತ್ರ. ಎಡಿ ಜೊತೆ ಚೌಕಾಸಿ ಬೇಡ, ಅವರ ಕೈಯಲ್ಲಿ ದುಡ್ಡಿಲ್ಲ. ಕೋಆರ್ಡಿನೇಟರ್‌ಗೆ ಅಲ್ಲಿಂದಲೇ ಮೆಸೇಜ್ ಮಾಡಿ. ಮಾತಿರುವ ಪಾತ್ರಗಳು ಮತ್ತೆ ಮತ್ತೆ ಬಂದರೆ ನಟರ ಸಂಘವಾದ ಸಿಂಟಾದ ಸದಸ್ಯತ್ವ ವಿಚಾರಿಸಿ.

ಫಾರ್ಮ್ ಒಂದಕ್ಕೆ ಸಹಿ ಹಾಕಿಸಿಕೊಂಡ್ರು. ನನ್ನ ಮುಖ ಎಲ್ಲಿ ಬೇಕಾದ್ರೂ ಬಳಸಬಹುದಾ?

ನೀವು ನಟಿಸಿದ ದೃಶ್ಯವನ್ನು ಅವರು ಆ ಸೀರಿಯಲ್‌ನಲ್ಲಿ, ಮರುಪ್ರಸಾರದಲ್ಲಿ, ಆ್ಯಪ್‌ನಲ್ಲಿ ತೋರಿಸುವುದು ಸಾಮಾನ್ಯ. ನೋಡಬೇಕಾದದ್ದು ಬೇರೆ ಸಾಲು. ನಿಮ್ಮ ಮುಖ, ಮೈಕಟ್ಟನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಗುಂಪು ತುಂಬಿಸಲು ಬಳಸುತ್ತೇವೆ, ಜಾಹೀರಾತಿಗೂ ಬಳಸುತ್ತೇವೆ ಅಂತ ಇದೆಯಾ? ಇದ್ದರೆ ಅದಕ್ಕೆ ಬೇರೆ ದುಡ್ಡು ಕೇಳಿ, ಇಲ್ಲವೇ ಆ ಸಾಲು ಹೊಡೆದುಹಾಕಿಸಿ. ಓದಲು ಬಿಡದೆ ಅವಸರ ಮಾಡಿದರೆ ಮೊದಲು ಹಾಳೆಯ ಫೋಟೋ ತೆಗೆಯಿರಿ. ಫಾರ್ಮ್‌ನದ್ದು ಮಾತ್ರ. ಸೆಟ್‌ನ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರೆ ಅವತ್ತೇ ಕಡೇ ದಿನ.

ಕಂಟಿನ್ಯೂಟಿಯಲ್ಲಿ ಸಿಕ್ಕಿಕೊಂಡಿದೀನಿ, ಊರಲ್ಲಿ ಭೂತಕೋಲ ಇದೆ. ನಡುವೆ ಬಿಟ್ಟು ಹೋಗಬಹುದಾ?

ಬಿಟ್ಟು ಹೋದರೆ ಆ ಕೋಆರ್ಡಿನೇಟರ್ ಮತ್ತೆ ಕರೆಯುವುದಿಲ್ಲ, ಮಾಡಿದ ದಿನಗಳ ದುಡ್ಡಿಗೂ ತಕರಾರು ತೆಗೆಯಬಹುದು. ಒಪ್ಪುವಾಗಲೇ ತಾರೀಖು ಹೇಳಿ. ಆಗಲೇ ಒಳಗಿದ್ದರೆ ಎರಡು ದಿನ ಮೊದಲಾದರೂ ಎಡಿಗೆ ತಿಳಿಸಿ. ಗುಂಪಿನಲ್ಲಿ ನಿಮ್ಮನ್ನು ಹಿಂದಿನ ಸಾಲಿಗೆ ಸರಿಸುತ್ತಾರೆ, ಇಲ್ಲವೇ ನಿಮ್ಮದೇ ಎತ್ತರದವರಿಗೆ ನಿಮ್ಮ ಸೀರೆ ಉಡಿಸಿ ಬೆನ್ನು ತೋರಿಸಿ ನಿಲ್ಲಿಸುತ್ತಾರೆ. ಸೀರೆ ಸ್ವಂತದ್ದಾಗಿದ್ದರೆ ಅದಕ್ಕೆ ಬಾಡಿಗೆ ಮಾತಾಡಿಕೊಂಡೇ ಊರಿನ ಮತ್ಸ್ಯಗಂಧ ರೈಲು ಹತ್ತಿ.